ಒಂದು ಸಾರಿ, ಎರಡು ಸಾರಿ

ಬಿಜೈಯಲ್ಲಿ ನಾನು ಹುಟ್ಟಿ ಬೆಳೆದ ಮನೆಗೂ ಇಗರ್ಜಿಗೂ ನಡುವೆ ಆಗ ಒಂದು ಬೈಲು ಮಾತ್ರ ಅಡ್ಡವಿತ್ತು. ಹಬ್ಬದ ದಿನ ಪೂಜೆ ಮುಗಿದು ಬ್ಯಾಂಡಿನ ಸದ್ದು ನಿಂತಿತೆಂದರೆ ನಾವು ಹುಡುಗರು ಜಾತಿಮತಗಳ ಗೊಡವೆಯಿಲ್ಲದೆ ಬೈಲು ದಾಟಿ ಓಡುತ್ತಿದ್ದೆವು. ಅಂಗಳದಲ್ಲಿ ಏಲಂ ಸುರುವಾಗುತ್ತಿತ್ತು. ಭಕ್ತರು ಹರಕೆಯಾಗಿ ತಂದೊಪ್ಪಿಸಿದ ಬಾಳೆಗೊನೆ, ಚೀನಿಕಾಯಿ, ಸುವರ್ಣಗೆಡ್ಡೆ, ತೆಂಗಿನಕಾಯಿ, ಕಾಲು ಕಟ್ಟಿದ ಊರಕೋಳಿ, ಇವೆಲ್ಲ ಒಂದು ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಪೇಟೆಯಲ್ಲಿ ನಾಲ್ಕಾಣೆಗೆ ಸಿಗುವ ಚೀನಿಕಾಯಿ ಅಲ್ಲಿ ಹತ್ತು ರೂಪಾಯಿಗೆ ಹೋಗುತ್ತಿತ್ತು. ಕೊಂಡವನಿಗೆ ಚೀನಿಕಾಯಿ ಬೇಕಾಗಿರಲಿಲ್ಲ. ಎದುರಿಗೆ ನಿಂತ ತನ್ನ ದಾಯಾದಿಗೆ ಅದು ಸಿಗಬಾರದೆಂಬುದಷ್ಟೇ ಅವನ ಭಕ್ತಿಯಾಗಿತ್ತು.

ಒಂದು ವರ್ಷದ ಸಂಗತಿ ಮಾತ್ರ ನನ್ನ ಮನಸ್ಸಿನಲ್ಲಿ ಇಂದಿಗೂ ಹಸಿಯಾಗಿದೆ. ಮಗನ ಜ್ವರ ಬಿಟ್ಟಿತೆಂದು ಒಬ್ಬ ವಿಧವೆ ತನ್ನ ಮೊಟ್ಟೆಯಿಡುವ ಹೇಂಟೆಯನ್ನು ತಂದು ಒಪ್ಪಿಸಿದ್ದಳು. ಏಲಂ ಕೂಗುವಾತ ಹೇಂಟೆಯನ್ನು ಎತ್ತಿ ಹಿಡಿದಾಗ ಆಕೆಯೇ ಮುಂದೆ ಬಂದು, ಎಂಟಾಣೆ, ಎಂದಳು. ಅಲ್ಲಿ ಟೈಲ್ಸ್ ಕಾರ್ಖಾನೆಯ ಗುತ್ತಿಗೆದಾರರಿದ್ದರು, ಬಂದರಿನ ವ್ಯಾಪಾರಿಗಳಿದ್ದರು, ಮುಂಬಯಿಯಿಂದ ರಜೆಗೆ ಬಂದವರಿದ್ದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. "ಒಂಜಿ ಸರ್ತಿ... ರಡ್ಡ್ ಸರ್ತಿ..." ಎಂದು ಆತ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಯಾವಾಗಲೂ ಮಾಡುವಂತೆ ಸುತ್ತ ಒಮ್ಮೆ ಕಣ್ಣಾಡಿಸಿದ. ಮತ್ತೆ "ಮೂಜಿ ಸರ್ತಿ!" ಹೇಂಟೆ ಬಂದ ದಾರಿಯಲ್ಲೇ ಮನೆಗೆ ಹೋಯಿತು. ಅಷ್ಟು ಜನ ಒಟ್ಟಾಗಿ ಸುಮ್ಮನಿದ್ದುದನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು.

ಇತಿಹಾಸದ ಮೇಷ್ಟ್ರಾಗಿ ಮುಪ್ಪಾದವನಿಗೆ ಒಂದು ಚಾಳಿ ಬಿಡುವುದಿಲ್ಲ. ಮಾತು ಬಂದರೆ ಅದರ ಬೇರು ಹುಡುಕುವುದು. ಕೇಳುಗರು ಸ್ವಲ್ಪ ಸೈರಿಸಬೇಕು. ಏಲಂ ಎಂಬ ನಮ್ಮ ಕರಾವಳಿಯ ಮಾತು ಪೋರ್ಚುಗೀಸರ 'ಲೈಲಾಂವ್' ಎಂಬುದರ ರೂಪಾಂತರ. ಕೊಂಕಣಿಯ ಲಿಲಾಂವ್, ಮರಾಠಿಯ ಮತ್ತು ಬಡಗಣ ಕನ್ನಡದ ಲಿಲಾವು, ಮಲೆಯಾಳದ ಲೇಲಂ, ಹಿಂದಿಯ ನೀಲಾಮ್ ಎಲ್ಲವೂ ಅದೇ ತಾಯಿಯ ಮಕ್ಕಳು. ಇಗರ್ಜಿ ಎಂಬ ಮಾತೂ ಅದೇ ಹಡಗಿನಲ್ಲಿ ಬಂದಿಳಿದದ್ದು. ಆ ಪೋರ್ಚುಗೀಸ್ ಮಾತಿನ ಬೇರು ಅರಬ್ಬಿಯಲ್ಲಿದೆಯೆಂದು ವಿದ್ವಾಂಸರು ಹೇಳುತ್ತಾರೆ. ನಾವು ಪುಸ್ತಕದ ಕನ್ನಡದಲ್ಲಿ ಬಳಸುವ ಹರಾಜು ಕೂಡ ಅರಬ್ಬಿಯದೇ, ಅದು ಹಿಂದೂಸ್ಥಾನಿಯ ದಾರಿ ಹಿಡಿದು ಬಂದಿತು. ಒಂದು ಸಮುದ್ರದಿಂದ, ಇನ್ನೊಂದು ನೆಲದಿಂದ. ಸೌದಿ ಅರೇಬಿಯದಲ್ಲಿ ಹಳೆಯ ಸಾಮಾನು ಮಾರುವ ಪ್ರಸಿದ್ಧ ಅಂತರ್ಜಾಲ ತಾಣವೊಂದರ ಹೆಸರು ಇಂದಿಗೂ 'ಹರಾಜ್' ಎಂದೇ. ಇಂಗ್ಲಿಷಿನವರ 'ಆಕ್ಷನ್' ಲ್ಯಾಟಿನ್ನಿನ 'ಹೆಚ್ಚಿಸು' ಎಂಬ ಧಾತುವಿನಿಂದ ಹುಟ್ಟಿತು. ಸ್ಪೇನಿನವರ 'ಸುಬಾಸ್ತ' ಎಂದರೆ 'ಭರ್ಜಿಯ ಕೆಳಗೆ' ಎಂದರ್ಥ. ರೋಮನರು ಯುದ್ಧದ ಕೊಳ್ಳೆಯನ್ನು ಭರ್ಜಿ ನೆಟ್ಟು ಅದರ ಬುಡದಲ್ಲಿ ಮಾರುತ್ತಿದ್ದರಂತೆ.

ಆ ರೋಮನರೇ ಕ್ರಿ.ಶ. 193ರಲ್ಲಿ ತಮ್ಮ ಸಾಮ್ರಾಜ್ಯವನ್ನೂ ಏಲಂ ಹಾಕಿದರು. ಚಕ್ರವರ್ತಿ ಪೆರ್ಟಿನಾಕ್ಸನನ್ನು ಕೊಂದ ಅಂಗರಕ್ಷಕ ಪಡೆಯವರು ಸಿಂಹಾಸನವನ್ನು ಹೆಚ್ಚು ಹಣ ಕೂಗಿದವನಿಗೆ ಕೊಡುವುದಾಗಿ ಸಾರಿದರು. ಶಿಬಿರದ ಒಳಗಿನಿಂದ ಸತ್ತವನ ಮಾವ, ಹೊರಗಿನಿಂದ ಡಿಡಿಯಸ್ ಜೂಲಿಯಾನಸ್ ಪೈಪೋಟಿಗೆ ನಿಂತರು. ಜೂಲಿಯಾನಸ್ ಕೂಗಿ, ಬೆರಳಿನ ಸಂಜ್ಞೆಯನ್ನೂ ಮಾಡಿ, ತಲಾ 25,000 ಸೆಸ್ಟರ್ಸ್ ಎಂದು ಗೆದ್ದ. ಗೆದ್ದ 66 ದಿನಗಳಲ್ಲಿ ತಲೆ ಕಳೆದುಕೊಂಡ. ಅವನನ್ನು ಜನ ಕ್ಷಮಿಸಲಿಲ್ಲ, ಏಕೆಂದರೆ ಅವನು ಕೂಗಿದ್ದನ್ನು ಎಲ್ಲರೂ ಕಂಡಿದ್ದರು, ಕೇಳಿದ್ದರು. ಏಲಮಿನಲ್ಲಿ ಬಾಯಿಯ ಜೊತೆಗೆ ಮುಖವೂ ಇರುತ್ತದೆ.

ಮುಖವಿರುವುದರಿಂದಲೇ ಮೌನಕ್ಕೂ ಬೆಲೆ. ಇದಕ್ಕೆ ರೋಮಿನ ತನಕ ಹೋಗಬೇಕಾಗಿಲ್ಲ, ನಮ್ಮ ಉತ್ತರ ಕನ್ನಡ ಸಾಕು. 1930ರಿಂದ 1932ರ ವರೆಗಿನ ಕರನಿರಾಕರಣೆಯ ಕಾಲದಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಕಂದಾಯ ಕೊಡುವುದಿಲ್ಲವೆಂದು ಕೂತರು. ಸರಕಾರ ಅವರ ಭೂಮಿಯನ್ನೂ, ಎತ್ತು ಎಮ್ಮೆಗಳನ್ನೂ, ಮನೆಯ ಪಾತ್ರೆಪಗಡಿಗಳನ್ನೂ ಜಪ್ತಿ ಮಾಡಿ ಲಿಲಾವಿಗಿಟ್ಟಿತು. ಊರವರು ಕೂಗಲು ಮುಂದೆ ಬರಲಿಲ್ಲ. ಆಸೆಗೆ ಬಿದ್ದು ಕೊಂಡವರೂ ಕೆಲವರಿದ್ದರು. ಸಿದ್ದಾಪುರದ ಕಡೆ ಅಂಥವರ ಮನೆಯ ಎದುರು ಹೆಂಗಸರು ಉಪವಾಸ ಸತ್ಯಾಗ್ರಹ ಕೂತರು. ಹೆಚ್ಚು ಓದು ಬರಹವಿಲ್ಲದ ಹಳ್ಳಿಯ ಹೆಂಗಸರು ಕೊಂಡವನ ಅಂಗಳದಲ್ಲಿ ಕೂತು ಅನ್ನ ನೀರು ಬಿಟ್ಟರೆಂಬುದನ್ನು ನಾನು ತರಗತಿಯಲ್ಲಿ ಹೇಳುವಾಗ ಪ್ರತಿ ವರ್ಷವೂ ಒಂದು ಕ್ಷಣ ಗಂಟಲು ಕಟ್ಟುತ್ತಿತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಅಂಥ ಭೂಮಿಗಳನ್ನು ಹಿಂದಿರುಗಿಸುವ ಏರ್ಪಾಡಾಯಿತು. ಸರಕಾರದ ಕಾನೂನು ಹರಾಜನ್ನು ನಡೆಸಬಲ್ಲುದು. ಆದರೆ ಕೂಗುವವರು ಇಂಥವರ ಎತ್ತಿಗೆ ನಾನು ಕೂಗಲಾರೆ ಎಂದರೆ ಅದಕ್ಕೆ ಕಾನೂನಿನಲ್ಲಿ ಮದ್ದಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ಇನ್ನೊಂದು ಬಗೆಯ ಏಲಮಿನ ಕತೆ ಹೇಳುವುದಕ್ಕೆ. ಅದಕ್ಕೆ ಅಂಗಳವಿಲ್ಲ, ಬೆಂಚಿಲ್ಲ, ಮುಖವೂ ಇಲ್ಲ. 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಸಾನ್ ಹೋಸೆಯಲ್ಲಿ ಪಿಯರ್ ಒಮಿಡಿಯಾರ್ ಎಂಬ ಇರಾನೀ ಮೂಲದ ತರುಣ ಅಂತರ್ಜಾಲದಲ್ಲಿ ಒಂದು ಹರಾಜು ಕಟ್ಟೆ ತೆರೆದ. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಸೂಚಿ, 14 ಡಾಲರ್ 83 ಸೆಂಟಿಗೆ. ಕೆಟ್ಟದ್ದೆಂದು ತಿಳಿದಿದೆಯೇ ಎಂದು ಕೇಳಿದರೆ, ನಾನು ಸಂಗ್ರಹಿಸುವುದೇ ಅಂಥದನ್ನು, ಎಂದು ಕೊಂಡವನು ಬರೆದನಂತೆ. 1997ರಲ್ಲಿ ಆ ಕಟ್ಟೆಗೆ ಇ-ಬೇ ಎಂಬ ಹೆಸರಾಯಿತು. ಒಮಿಡಿಯಾರನ ಭಾವೀ ಪತ್ನಿಗೆ ಮಿಠಾಯಿ ಡಬ್ಬಿಗಳ ಸಂಗ್ರಹದ ಹುಚ್ಚಿತ್ತು, ಅದಕ್ಕಾಗಿ ಇದು ಹುಟ್ಟಿತು ಎಂಬ ಇಂಪಾದ ಕತೆ ಬಹುಕಾಲ ಚಲಾವಣೆಯಲ್ಲಿತ್ತು. ಅದು ಕಂಪೆನಿಯ ಪ್ರಚಾರದವರು ಪತ್ರಿಕೆಗಳಿಗಾಗಿ ಹೆಣೆದದ್ದೆಂದು 2002ರ ಹೊತ್ತಿಗೆ ಹೊರಬಿತ್ತು. ಸ್ಥಳಪುರಾಣ ನಮ್ಮ ದೇವಸ್ಥಾನಗಳಿಗೆ ಮಾತ್ರ ಬೇಕಾದುದಲ್ಲ. ನಮ್ಮ ದೇಶದಲ್ಲಿ 2000ದಲ್ಲಿ ಮುಂಬಯಿಯವರು ಬಾಜೀ ಎಂಬ ಇಂಥದೇ ತಾಣ ತೆರೆದರು. 2004ರಲ್ಲಿ ಇ-ಬೇ ಅದನ್ನು ಕೊಂಡಿತು. 2017ರಲ್ಲಿ ಅದು ಫ್ಲಿಪ್‌ಕಾರ್ಟಿನ ಪಾಲಾಯಿತು, 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು.

ನಾನು ಈ ವ್ಯವಹಾರಕ್ಕೆ ಇಳಿದದ್ದು ನಿವೃತ್ತಿಗೆ ಕೆಲವು ವರ್ಷ ಮೊದಲು. ಮಗ ಹಳೆಯ ಕಂಪ್ಯೂಟರೊಂದನ್ನು ಮನೆಯಲ್ಲಿ ಬಿಟ್ಟು ದುಬೈಗೆ ಹೋಗಿದ್ದ. ನನಗೆ ನಾಣ್ಯಗಳ, ಹಳೆಯ ಅಚ್ಚಿನ ಪುಸ್ತಕಗಳ ಚಟ. ಅದುವರೆಗೆ ಈ ಚಟಕ್ಕೆ ಹಂಪನಕಟ್ಟೆಯ ಸುತ್ತಲ ಗುಜರಿ ಅಂಗಡಿಗಳೇ ಗತಿಯಾಗಿದ್ದವು. ಈಗ ರಾತ್ರಿ ಊಟ ಮುಗಿಸಿ ಕೂತರೆ ಜೋಧಪುರದವನ ಪೆಟ್ಟಿಗೆಯೊಳಗೇ ಕೈ ಹಾಕಬಹುದು. ಮೊದಲ ಪಾಠ ದುಬಾರಿಯಾಯಿತು. ಟಿಪ್ಪುವಿನ ಆನೆಯ ಮುದ್ರೆಯ ತಾಮ್ರದ ಪೈಸೆ ಎಂದು ಉತ್ತರದ ಕಡೆಯವನೊಬ್ಬನಿಂದ ಕೊಂಡೆ. ಬಂದದ್ದನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ಸುತ್ತ ನೂಲಿನಂಥ ಒಂದು ಗೆರೆ, ಆನೆಯ ಮೈಮೇಲೆ ಸೂಜಿಮೊನೆಯಂಥ ಗುಳ್ಳೆಗಳು. ಟಂಕಸಾಲೆಯಲ್ಲಿ ಅಚ್ಚಿನಿಂದ ಹೊಡೆದ ನಾಣ್ಯಕ್ಕೆ ಇವು ಬಾರವು; ಎರಕ ಹೊಯ್ದ ನಕಲಿಗೆ ಬರುತ್ತವೆ. ಗುಜರಿ ಅಂಗಡಿಯಲ್ಲಾದರೆ ಕೈಯಲ್ಲಿ ತೂಗಿ ನೋಡಿಯೇ ಕೆಳಗಿಡುತ್ತಿದ್ದೆ. ಚಿತ್ರವನ್ನು ತೂಗುವುದು ಹೇಗೆ?

ಮಾರುವವನಾಗಿಯೂ ನೋಡಿದೆ. ಎರಡೆರಡಿದ್ದ ಅಂಚೆಚೀಟಿಗಳನ್ನೂ ಮೊದಲ ದಿನದ ಲಕೋಟೆಗಳನ್ನೂ ಇಟ್ಟೆ. ವಸ್ತುವಿನ ವರ್ಣನೆ ಬರೆಯುವುದು ನಾನೆಣಿಸಿದ್ದಕ್ಕಿಂತ ಕಠಿಣವಾದ ಸಾಹಿತ್ಯಪ್ರಕಾರ. ಹೊಗಳಿದರೆ ಸುಳ್ಳಾಗುತ್ತದೆ, ಊನ ಹೇಳಿದರೆ ಕೂಗುವವರಿಲ್ಲ. 'ಎಡಮೂಲೆಯಲ್ಲಿ ಗೆದ್ದಲು ರಂಧ್ರ ಒಂದು' ಎಂದು ನಿಜ ಬರೆದ ಲಕೋಟೆಗೇ ಹೆಚ್ಚು ಬೆಲೆ ಬಂದದ್ದು ನನಗೆ ಆಶ್ಚರ್ಯ. ಒಂದು ಊನ ಹೇಳಿದವನು ಉಳಿದದ್ದನ್ನು ಮುಚ್ಚಿಡಲಾರ ಎಂದು ಎಲ್ಲೋ ಕೂತ ಶಿಲ್ಲಾಂಗಿನವನೊಬ್ಬ ನಂಬಿದ. ವ್ಯವಹಾರ ಮುಗಿದ ಮೇಲೆ ಒಬ್ಬರಿಗೊಬ್ಬರು ಒಳ್ಳೆಯವ, ಕೆಟ್ಟವ ಎಂದು ಅಂಕ ಕೊಡುವ ಪದ್ಧತಿಯನ್ನು ಒಮಿಡಿಯಾರ್ 1996ರಲ್ಲೇ ತಂದಿದ್ದ. ಅಂಗಳದ ಏಲಮಿನಲ್ಲಿ ಮುಖ ಮಾಡುತ್ತಿದ್ದ ಕೆಲಸವನ್ನು ಈ ಅಂಕಗಳು ಮಾಡಬೇಕಾಗಿತ್ತು. ಮೂವತ್ತೈದು ವರ್ಷ ಹುಡುಗರಿಗೆ ಅಂಕ ಹಾಕಿದ ನಾನು ಅಪರಿಚಿತರಿಂದ ಅಂಕ ಬರಲಿಲ್ಲವೆಂದು ನಿದ್ದೆಗೆಟ್ಟದ್ದನ್ನು ಹೆಂಡತಿ ಇಂದಿಗೂ ಮರೆತಿಲ್ಲ.

ಇಂಥ ಹರಾಜಿನ ಒಳಗಣ ಯಂತ್ರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನ ಕತೆಗೆ ಅದು ಬೇಕಾಗುತ್ತದೆ. ನೀವು ನಿಮ್ಮ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಹೇಳಿಡುತ್ತೀರಿ. ಯಂತ್ರ ನಿಮ್ಮ ಪರವಾಗಿ ಎದುರಾಳಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲಕ್ಕೆ ಕೂಗುತ್ತದೆ. ಆದ್ದರಿಂದ ಗೆದ್ದವನು ತಾನು ಹೇಳಿದ್ದನ್ನು ಕೊಡುವುದಿಲ್ಲ; ಸೋತವನು ಹೇಳಿದ್ದಕ್ಕೆ ಒಂದು ಮೆಟ್ಟಿಲು ಸೇರಿಸಿ ಕೊಡುತ್ತಾನೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಇಂಥ ಹರಾಜಿನ ತತ್ತ್ವವನ್ನು ವಿವರಿಸಿದ. 1996ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಘೋಷಣೆಯಾಯಿತು, ಮೂರೇ ದಿನಗಳಲ್ಲಿ ತೀರಿಕೊಂಡ. ವಿಕ್ರಿಗಿಂತ ಎಷ್ಟೋ ಮೊದಲು, 19ನೆಯ ಶತಮಾನದ ಕೊನೆಗೇ, ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು ದೂರದ ಗಿರಾಕಿಗಳಿಗಾಗಿ ಇದನ್ನು ಬಳಸುತ್ತಿದ್ದರು. ಶಾಸ್ತ್ರ ಬರುವ ಮೊದಲು ವ್ಯವಹಾರ ಬಂದಿರುತ್ತದೆ.

ಇನ್ನೊಂದು ಗುಟ್ಟು ಕಾಲದ್ದು. ಹರಾಜು ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡಿಗೆ ಮುಗಿಯುತ್ತದೆಂದು ಮೊದಲೇ ಬರೆದಿರುತ್ತದೆ. ಪಳಗಿದವರು ಅಲ್ಲಿಯವರೆಗೆ ಉಸಿರೆತ್ತದೆ, ಕೊನೆಯ ನಾಲ್ಕೈದು ಸೆಕೆಂಡಿನಲ್ಲಿ ಕೂಗುತ್ತಾರೆ. ಎದುರಾಳಿಗೆ ಮರಳಿ ಕೂಗಲು ಹೊತ್ತೇ ಇರುವುದಿಲ್ಲ. ಇದೂ ಹೊಸದಲ್ಲ. 17ನೆಯ ಶತಮಾನದ ಲಂಡನ್ನಿನಲ್ಲಿ ಒಂದಂಗುಲ ಮೇಣದಬತ್ತಿ ಹಚ್ಚಿಟ್ಟು, ಅದು ಆರುವ ಹೊತ್ತಿಗೆ ಕೊನೆಯದಾಗಿ ಕೂಗಿದವನಿಗೆ ಮಾಲು ಎಂಬ ಪದ್ಧತಿಯಿತ್ತು. ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1662ರಲ್ಲಿ ಹಳೆಯ ಹಡಗುಗಳ ಇಂಥ ಹರಾಜೊಂದನ್ನು ನೋಡಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಒಬ್ಬ ಮಾತ್ರ ಪ್ರತಿ ಸಲವೂ ಸರಿಯಾದ ಕ್ಷಣಕ್ಕೆ ಕೂಗುತ್ತಿದ್ದನಂತೆ. ಕೇಳಿದರೆ, ಬತ್ತಿ ಆರುವ ಮುನ್ನ ಹೊಗೆ ಕೆಳಮುಖವಾಗಿ ಇಳಿಯುತ್ತದೆ, ಅದನ್ನು ನೋಡಿ ಕೂಗುತ್ತೇನೆ, ಎಂದನಂತೆ. ಅಂತರ್ಜಾಲದವರೆಲ್ಲ ಹೀಗೆ ಬತ್ತಿ ಹಚ್ಚಿದವರೇ ಅಲ್ಲ. ಆಮೆಜಾನ್ ಕೆಲವು ಕಾಲ ನಡೆಸಿದ ಹರಾಜು ಕಟ್ಟೆಯಲ್ಲಿ ಕೊನೆಯ ಹತ್ತು ನಿಮಿಷದೊಳಗೆ ಕೂಗು ಬಂದರೆ ಅವಧಿ ಮತ್ತೆ ಹತ್ತು ನಿಮಿಷ ಮುಂದೆ ಸರಿಯುತ್ತಿತ್ತು. 'ಒಂದು ಸಾರಿ, ಎರಡು ಸಾರಿ' ಎಂದು ಏಲಂ ಕೂಗುವಾತ ಸುತ್ತ ನೋಡುತ್ತಿದ್ದುದು ಇದೇ. ಇನ್ನೊಬ್ಬನಿಗೆ ಯೋಚಿಸಲು, ಹಿಂದೆಗೆಯಲು, ಸುಮ್ಮನಿರಲು ಕೊಡುವ ಹೊತ್ತು ಅದು. ಆ ಕಟ್ಟೆ ಉಳಿಯಲಿಲ್ಲ. ಬತ್ತಿ ಹಚ್ಚಿದವರದ್ದೇ ಲೋಕ ತುಂಬ ಹಬ್ಬಿತು.

ನನ್ನದು ವಿರಾಮದ ಚಟ. ಬೆಳೆದವನಿಗೆ ಇದು ಬದುಕಿನ ಪ್ರಶ್ನೆ ಎಂಬುದನ್ನು ಮರೆತು ಮಾತಾಡಬಾರದು. ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದೀಚೆಗೆ ಗಣಕದ ಮೂಲಕ ಕೂಗು ಬಂದಿದೆ. ವ್ಯಾಪಾರಿಗಳು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಹಳೆಯ ಕ್ರಮಕ್ಕಿಂತ ಇದು ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬಟ್ಟೆಯ ಕೆಳಗೆ ಏನು ನಡೆಯಿತೆಂದು ರೈತನಿಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೂ 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಬಿತ್ತೆಂದು ಸಿಟ್ಟಿಗೆದ್ದ ರೈತರು ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿಯನ್ನು ಸಮರ್ಥಿಸಲಾರೆ. ಹಿಂದೆ ದರ ಬಿದ್ದರೆ ದಲಾಲನ ಎದುರು ನಿಂತು, ಏಕೆ ಬಿತ್ತು, ಎಂದು ಕೇಳಬಹುದಿತ್ತು. ಅವನು ಸುಳ್ಳೇ ಹೇಳಬಹುದು, ಆದರೆ ಹೇಳಬೇಕಾಗಿತ್ತು. ಫಲಕದ ಮೇಲೆ ಮೂಡಿದ ಅಂಕಿಯನ್ನು ಕೇಳುವುದು ಹೇಗೆ?

ಇನ್ನು ನನ್ನ ಕತೆ. 2009ರ ಮಳೆಗಾಲ. ಅಂಥ ತಾಣವೊಂದರಲ್ಲಿ ಬೆಂಗಳೂರಿನ ಹಳೆಪುಸ್ತಕದವರೊಬ್ಬರು ಕಿಟೆಲ್ ಪಂಡಿತರ ಕನ್ನಡ-ಇಂಗ್ಲಿಷ್ ನಿಘಂಟನ್ನು ಇಟ್ಟಿದ್ದರು. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಬಾಸೆಲ್ ಮಿಶನಿನವರು ಅಚ್ಚು ಹಾಕಿದ ಮೊದಲ ಮುದ್ರಣ, ಮರುಮುದ್ರಣವಲ್ಲ. ಬೆನ್ನು ಸಡಿಲು, ಪುಟಗಳು ಪೂರ್ತಿ. ಹರಾಜು 500 ರೂಪಾಯಿಗೆ ಸುರುವಾಯಿತು. ಯಾರೋ ಒಬ್ಬರು ಎಡೆಬಿಡದೆ ಕೂಗುತ್ತಿದ್ದರು. ತಾಣದವರು ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರವನ್ನುಳಿಸಿ ನಡುವೆ ನಕ್ಷತ್ರಗಳನ್ನಿಟ್ಟಿದ್ದರು. ದಿನಕ್ಕೆ ನೂರು, ಇನ್ನೂರು ಏರಿಸುವ ಆ ಕೂಗಿನಲ್ಲಿ ಒಂದು ಹಿಂಜರಿಕೆಯಿತ್ತು, ಅದೇ ಹೊತ್ತಿಗೆ ಒಂದು ಹಟವೂ ಇತ್ತು. ಅದನ್ನು ನಾನು ಗಮನಿಸಿದ್ದೆ ಎಂಬುದೇ ಇಂದು ನನ್ನನ್ನು ಚುಚ್ಚುತ್ತದೆ. ಕೊನೆಯ ರಾತ್ರಿ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಮುಕ್ತಾಯ. ಪೀಪ್ಸನ ಜಾಣನಂತೆ ಹೊಗೆ ಇಳಿಯುವುದನ್ನೇ ಕಾದು, ಐದು ಸೆಕೆಂಡು ಉಳಿದಾಗ ನನ್ನ ಗರಿಷ್ಠ 6,000 ಎಂದು ಒತ್ತಿದೆ. ಎದುರಾಳಿಯ ಮೊತ್ತ 3,200ಕ್ಕೆ ನಿಂತಿತ್ತು. ನನಗೆ ಪುಸ್ತಕ 3,250ಕ್ಕೆ ಆಯಿತು. ಅಂದು ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ.

ವಾರದ ಮೇಲೆ ಕಟ್ಟು ಬಂತು. ಮೊದಲ ಖಾಲಿ ಹಾಳೆಯಲ್ಲಿ ಮಾಸಿದ ಶಾಯಿಯಲ್ಲಿ ಒಂದು ಹೆಸರು, ಕೆಳಗೆ 'ಬಿಜೈ'. ಹಿಂದಿನ ಹಾಳೆಯಲ್ಲಿ ಬೇರೊಂದು ಕೈಯ ಅಕ್ಷರದಲ್ಲಿ ಹಾಲಿನ ಲೆಕ್ಕ. ಬೆಂಗಳೂರಿಗೆ ಹೋಗಿ ಬಂದ ಪುಸ್ತಕ ನನ್ನ ಓಣಿಯದೇ! ಇತಿಹಾಸದವನಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೇ? ಕ್ಷೌರದಂಗಡಿಯಲ್ಲಿ ವಿಚಾರಿಸಿದೆ. ಹೆಸರಿನವರು ಮಿಶನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಯಿತು, ಹಂಚಿನ ಮನೆಯನ್ನು ಕೆಡವಿ ಫ್ಲ್ಯಾಟು ಎದ್ದಿದೆ, ಸಾಮಾನೆಲ್ಲ ಗುಜರಿಗೆ ಹೋಯಿತು, ಮೊಮ್ಮಗಳೊಬ್ಬಳು ಟೀಚರಾಗಿದ್ದವಳು ಕಾಪಿಕಾಡಿನಲ್ಲಿದ್ದಾಳೆ, ಎಂದರು. ಪುಸ್ತಕವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಮ್ಯೂಸಿಯಂ ಕಡೆಯ ರಸ್ತೆಯಿಂದ ಕೊಡೆ ಹಿಡಿದು ನಡೆದೆ. ಕರ್ನಲ್ ಮಿರಾಜ್ಕರರು ತಾಯಿಯ ಹೆಸರಿನಲ್ಲಿ ಕೊಟ್ಟ, 1960ರಲ್ಲಿ ಜನರಿಗೆ ತೆರೆದ, ಆ ಹಡಗಿನಾಕಾರದ ಕಟ್ಟಡದ ಮುಂದೆ ಹಾದುಹೋಗುವಾಗ ನನಗೂ ಏನೋ ದೊಡ್ಡ ದಾನಿಯ ಹಮ್ಮು. ಪುಸ್ತಕ ಕೊಡುವ ಮನಸ್ಸು ಮಾತ್ರ ಇರಲಿಲ್ಲ. ತೋರಿಸಿ ಬರುವುದೆಂದು ಹೊರಟದ್ದು.

ಟೀಚರು ಬಾಗಿಲು ತೆರೆದು ಕೂರಿಸಿದರು. ಪುಸ್ತಕವನ್ನು ಮಡಿಲಿಗೆ ತೆಗೆದುಕೊಂಡು ಹಿಂದಿನ ಹಾಳೆಗೇ ನೇರವಾಗಿ ತಿರುವಿದರು. ಆ ಹಾಳೆ ಅಲ್ಲಿದೆಯೆಂದು ನಾನು ಹೇಳಿರಲಿಲ್ಲ. "ಅಜ್ಜಿಯ ಲೆಕ್ಕ," ಎಂದರು. ಬಹಳ ಹೊತ್ತು ಬಿಟ್ಟು, "ಹತ್ತೂ ನಲವತ್ತೆರಡಕ್ಕೆ ಮುಗಿದದ್ದಲ್ಲವಾ ಸರ್?" ಎಂದರು.

ನನಗೆ ಮಾತು ಹೊರಡಲಿಲ್ಲ. ಅಣ್ಣನ ಮಗ ಪುಸ್ತಕದ ಚಿತ್ರ ನೋಡಿ ತಿಳಿಸಿದನಂತೆ, ಕಂಪ್ಯೂಟರೂ ಅವನದೇ. ಪಿಂಚಣಿಯಲ್ಲಿ ಆ ತಿಂಗಳು ಎಷ್ಟು ಉಳಿಯುತ್ತದೋ ಅಷ್ಟನ್ನು ಮೂರು ಸಲ ಲೆಕ್ಕ ಹಾಕಿ 3,200 ಎಂದು ನಿಲ್ಲಿಸಿದರಂತೆ. ಅರ್ಧ ಮೈಲಿಯ ಅಂತರದಲ್ಲಿ, ಒಂದೇ ಮಳೆಯ ಸದ್ದು ಕೇಳುತ್ತ, ನಾವಿಬ್ಬರೂ ಒಂದೇ ಪುಸ್ತಕಕ್ಕೆ ಕೂಗುತ್ತ ಕೂತಿದ್ದೆವು. ಅದೇ ಪುಸ್ತಕ ಇಗರ್ಜಿಯ ಅಂಗಳದ ಬೆಂಚಿನ ಮೇಲಿದ್ದು ಟೀಚರು ಒಂದು ಹೆಜ್ಜೆ ಮುಂದೆ ಬಂದು ಎಂಟಾಣೆ ಎಂದಿದ್ದರೆ ನಾನು ಬಾಯಿ ತೆರೆಯುತ್ತಿದ್ದೆನೆ?

"ಇದು ನಿಮ್ಮದು, ಇಟ್ಟುಕೊಳ್ಳಿ," ಎಂದೆ. ಆಕೆ ಒಪ್ಪಲಿಲ್ಲ. ಬಿಟ್ಟಿ ಬೇಡ ಎಂದರು. ಹಣ ಬೇಡವೆಂದು ನಾನು. ಹೀಗೆ ಚಹ ಆರುವ ತನಕ ನಡೆಯಿತು. ಕೊನೆಗೆ ಟೀಚರು ನನ್ನ ಮುಖವನ್ನೇ ನೋಡಿ, "ನೀವು ಕೊಟ್ಟ ಬೆಲೆ ಹೇಳಿದ್ದು ಯಾರು ಸರ್? ನಾನಲ್ಲವಾ? ನಾನು ಕೂಗದಿದ್ದರೆ ನಿಮಗೆ ಐನೂರಕ್ಕೆ ಸಿಗುತ್ತಿತ್ತು. ಮೂರು ಸಾವಿರದ ಇನ್ನೂರು ನನ್ನ ಮಾತು, ಅದನ್ನು ಕೊಡುತ್ತೇನೆ. ಮೇಲಿನ ಐವತ್ತು ನಿಮ್ಮದು, ಅದನ್ನು ಕೊಡುವುದಿಲ್ಲ," ಎಂದರು. ವಿಕ್ರಿ ಪಂಡಿತನ ತತ್ತ್ವವನ್ನು ಇಷ್ಟು ಚೊಕ್ಕಟವಾಗಿ ನಾನು ಎಲ್ಲೂ ಓದಿಲ್ಲ.

ಎರಡು ಕಂತಿನಲ್ಲಿ ತೆಗೆದುಕೊಂಡೆ. ಪುಸ್ತಕ ಕಾಪಿಕಾಡಿನಲ್ಲಿದೆ. ಹಳೆಯ ಶಬ್ದವೊಂದರ ಅರ್ಥ ಬೇಕಾದಾಗ ನನ್ನ ಮರುಮುದ್ರಣದ ಪ್ರತಿಯನ್ನು ಬಿಟ್ಟು ಅಲ್ಲಿಗೇ ಹೋಗುವುದು ನನಗೆ ರೂಢಿಯಾಗಿದೆ. ಟೀಚರು ಕನ್ನಡಕ ಹುಡುಕಿ ತಾವೇ ತೆಗೆದು ಓದಿ ಹೇಳುತ್ತಾರೆ, ಅನ್ಯಭಾಷೆಯಿಂದ ಬಂದ ಮಾತಾದರೆ ಕಿಟೆಲ್ಲರು ಹಾಕಿದ ಗುರುತನ್ನೂ ತೋರಿಸುತ್ತಾರೆ. ಆ ರಾತ್ರಿ ನಾನು ಬರೆದಿಟ್ಟ ಮೊತ್ತ 3,250 ಅಲ್ಲ, 6,000 ಎಂಬುದನ್ನು ಮಾತ್ರ ಇಷ್ಟು ವರ್ಷವಾದರೂ ಅವರಿಗೆ ಹೇಳಿರಲಿಲ್ಲ. ಅವರ ಮನೆಯಲ್ಲಿ ಈ ಹೊತ್ತಿಗೆ ರೇಡಿಯೋ ಹಾಡುತ್ತಿರುತ್ತದೆ, ಈಗ ಹೇಳಿದಂತಾಯಿತು.